ತೆರೆದ ಗಾಲಿಯ ಕಾರು: ನೆಲ ಹಿಡಿಯುವ ವಿದ್ಯೆ

ಕಬ್ಬಿನ ಹೊಲದ ರಾಡಿಯಲ್ಲಿ ಟ್ರ್ಯಾಕ್ಟರ್ ಸಿಕ್ಕಿಬಿದ್ದಾಗ ಒಂದು ಹಿಂಗಾಲಿ ಸುಮ್ಮನೆ ತಿರುಗುತ್ತ ರಾಡಿ ಎರಚುತ್ತದೆ, ಇನ್ನೊಂದು ಅಲುಗುವುದೇ ಇಲ್ಲ. ಆಗ ಚಾಲಕ ಡಿಫರೆನ್ಷಿಯಲ್ ಲಾಕಿನ ಪೆಡಲ್ ಒತ್ತುತ್ತಾನೆ. ಎರಡೂ ಗಾಲಿ ಜೋಡಿಯಾಗಿ ತಿರುಗುತ್ತವೆ, ಟ್ರ್ಯಾಕ್ಟರ್ ಮೇಲೆ ಬರುತ್ತದೆ. ಗಟ್ಟಿ ನೆಲಕ್ಕೆ ಬಂದ ಮೇಲೆ ಮಾತ್ರ ಲಾಕ್ ಬಿಡಲೇಬೇಕು. ಬಿಡದೆ ಸ್ಟೇರಿಂಗ್ ತಿರುಗಿಸಿದರೆ ಟ್ರ್ಯಾಕ್ಟರ್ ಹಟ ಹಿಡಿದಂತೆ ನೇರಕ್ಕೇ ಎಳೆಯುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಟ್ರ್ಯಾಕ್ಟರ್ ಹೊಡೆಯುವ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ರೇಸ್ ಕಾರಿನ ಮೊದಲ ಪಾಠವೂ ಇದೇ.

ಟಿವಿಯಲ್ಲಿ ಫಾರ್ಮುಲಾ ರೇಸ್ ನೋಡುವ ಹುಡುಗರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಒಬ್ಬರೇ ಕೂರುವ, ನಾಲ್ಕೂ ಗಾಲಿ ಮೈಯಿಂದ ಹೊರಗೆ ಚಾಚಿಕೊಂಡ ಆ ಕಾರು ಬೇರೆ ಲೋಕದ ವಸ್ತುವಿನಂತೆ ಕಾಣುತ್ತದೆ. ಬಿಡಿಸಿ ನೋಡಿದರೆ ಅದರ ಒಂದೊಂದು ಭಾಗವೂ ಒಂದೇ ಕೆಲಸಕ್ಕಾಗಿ ದುಡಿಯುತ್ತದೆ: ನಾಲ್ಕು ಟಯರುಗಳು ನೆಲ ಮುಟ್ಟುವ ಆ ನಾಲ್ಕು ತುಣುಕು ಜಾಗದಲ್ಲಿ ಹಿಡಿತ ತಪ್ಪದಂತೆ ನೋಡಿಕೊಳ್ಳುವುದು.

ಕಾರ್ಟ್: ಲಾಕ್ ಬಿಡದ ಗಾಡಿ

ಈ ವಿದ್ಯೆ ಕಲಿಯುವ ಮೊದಲ ಶಾಲೆ ಗೋ-ಕಾರ್ಟ್. ಕಬ್ಬಿಣದ ಕೊಳವೆಗಳ ಚಾಸಿ, ಒಂದು ಸೀಟು, ಚಿಕ್ಕ ಎಂಜಿನ್, ಇಷ್ಟೇ. ಸಸ್ಪೆನ್ಷನ್ ಇಲ್ಲ. ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡೂ ಗಾಲಿ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ಅದು ಸದಾ ಲಾಕ್ ಹಾಕಿಯೇ ಇರುವ ಟ್ರ್ಯಾಕ್ಟರ್ ಇದ್ದಂತೆ.

ಹಾಗಾದರೆ ಅದು ತಿರುಗುವುದು ಹೇಗೆ? ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನ ಗಾಲಿ ಕಡಿಮೆ ದೂರ ಓಡಬೇಕು. ಒಂದೇ ಆಕ್ಸಲ್‌ನಲ್ಲಿ ಅದು ಸಾಧ್ಯವಿಲ್ಲ. ಅದಕ್ಕೇ ಮುಂದಿನ ಗಾಲಿಗಳನ್ನು ಓರೆಯಾದ ಕೀಲಿನ ಮೇಲೆ ಕೂರಿಸಿರುತ್ತಾರೆ. ಸ್ಟೇರಿಂಗ್ ತಿರುಗಿಸಿದೊಡನೆ ಒಳಬದಿಯ ಮುಂಗಾಲಿ ಕೆಳಕ್ಕೆ ಒತ್ತುತ್ತದೆ, ಹೊರಬದಿಯದು ಮೇಲೇಳುತ್ತದೆ. ಚಾಸಿ ಮೂಲೆಯಿಂದ ಮೂಲೆಗೆ ತಿರುಚಿಕೊಂಡು ಒಳಬದಿಯ ಹಿಂಗಾಲಿ ನೆಲದಿಂದ ಎದ್ದುಬಿಡುತ್ತದೆ. ಆ ಒಂದು ಗಳಿಗೆ ಕಾರ್ಟ್ ಮೂರೇ ಗಾಲಿಯ ಮೇಲೆ ಓಡಿ ಸಲೀಸಾಗಿ ತಿರುಗುತ್ತದೆ. ತಿರುವು ಮುಗಿಯುತ್ತಲೇ ಗಾಲಿ ಮತ್ತೆ ನೆಲಕ್ಕಿಳಿದು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಗಾಲಿ ಬೇಗ ಇಳಿದರೆ ವೇಗ ಸಾಯುತ್ತದೆ, ತಡವಾಗಿ ಇಳಿದರೆ ಎಳೆತ ಸಿಗುವುದಿಲ್ಲ. ಈ ಹದ ಚಾಲಕನ ಬೆನ್ನಿಗೆ, ಸೊಂಟಕ್ಕೆ ತಿಳಿಯಬೇಕು. ಕಾರ್ಟಿಂಗ್ ಮಾಡಿದ ಮಕ್ಕಳೇ ಮುಂದೆ ದೊಡ್ಡ ಕಾರುಗಳಲ್ಲಿ ಗೆಲ್ಲುವುದಕ್ಕೆ ಈ ಮೈಯರಿವೇ ಕಾರಣ.

ಗಾಲಿಗೆ ಹೊದಿಕೆ ಏಕಿಲ್ಲ?

ಫಾರ್ಮುಲಾ ಎಂದರೆ ನಿಯಮಗಳ ಕಟ್ಟು. ಎಷ್ಟು ತೂಕ, ಎಷ್ಟು ಸಿಸಿ, ಗಾಲಿ ಎಲ್ಲಿರಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಫಾರ್ಮುಲಾ 1ರ ವಿಶ್ವ ಚಾಂಪಿಯನ್‌ಶಿಪ್ 1950ರಲ್ಲಿ ಶುರುವಾದಾಗಿನಿಂದ ತೆರೆದ ಗಾಲಿಯೇ ಈ ಕಾರುಗಳ ಗುರುತು. ಹೊದಿಕೆ ಇಲ್ಲದಿದ್ದರೆ ತೂಕ ಉಳಿಯುತ್ತದೆ, ಬ್ರೇಕಿಗೆ ಗಾಳಿ ತಾಗುತ್ತದೆ, ಚಾಲಕನಿಗೆ ತನ್ನ ಮುಂಗಾಲಿ ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಅಪಾಯವೂ ಅಲ್ಲೇ ಇದೆ. ರಸವಂತಿಯಲ್ಲಿ ಕಬ್ಬಿನ ಗಾಣ ನೋಡಿ. ಎರಡು ಉರುಳೆಗಳು ಎದುರುಬದುರಾಗಿ ತಿರುಗುವುದರಿಂದ ಕಬ್ಬನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಆದರೆ ರೇಸಿನಲ್ಲಿ ಹಿಂದಿನ ಕಾರಿನ ಮುಂಗಾಲಿ ಮುಂದಿನ ಕಾರಿನ ಹಿಂಗಾಲಿಗೆ ತಾಗಿದರೆ ಎರಡೂ ಒಂದೇ ದಿಕ್ಕಿಗೆ ತಿರುಗುತ್ತಿರುತ್ತವೆ. ತಾಗಿದ ಜಾಗದಲ್ಲಿ ಒಂದರ ರಬ್ಬರ್ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಸರಿಯುತ್ತದೆ. ಹಿಂದಿನ ಕಾರು ಮುಂದಿನದರ ಮೇಲೆ ಏಣಿ ಹತ್ತಿದಂತೆ ಹತ್ತಿ ಗಾಳಿಗೆ ಹಾರುತ್ತದೆ. ಹೀಗೆ ಹಾರಿದ ಕಾರಿನಿಂದ ಚಾಲಕನ ತಲೆ ಕಾಯಲು 2018ರಿಂದ ಫಾರ್ಮುಲಾ 1ರಲ್ಲಿ ಹ್ಯಾಲೋ ಎಂಬ ಟೈಟಾನಿಯಂ ಕಮಾನು ಕಡ್ಡಾಯವಾಯಿತು. 2020ರಲ್ಲಿ ಬಹರೈನ್‌ನಲ್ಲಿ ರೊಮೈನ್ ಗ್ರೋಜಾನ್ ಅವರ ಕಾರು ಕಬ್ಬಿಣದ ತಡೆಬೇಲಿಯನ್ನು ಸೀಳಿಕೊಂಡು ಹೊತ್ತಿ ಉರಿದಾಗ ಅವರ ಜೀವ ಉಳಿಸಿದ್ದು ಆ ಕಮಾನು.

ಟಯರು ಮತ್ತು ಗಾಳಿ

ಟ್ರ್ಯಾಕ್ಟರ್ ಟಯರಿನ ದಪ್ಪ ಹಲ್ಲುಗಳು ರಾಡಿಯನ್ನು ಕಚ್ಚಲು ಬೇಕು. ಒಣಗಿದ ಡಾಂಬರಿನ ಮೇಲೆ ಕಚ್ಚುವುದಕ್ಕೇನಿದೆ? ಅಲ್ಲಿ ಎಷ್ಟು ಹೆಚ್ಚು ರಬ್ಬರ್ ನೆಲ ಮುಟ್ಟುತ್ತದೋ ಅಷ್ಟು ಹಿಡಿತ. ಅದಕ್ಕೇ ರೇಸ್ ಟಯರು ಬೋಳು. ಬಿಸಿಯೇರಿದಾಗ ಅದರ ರಬ್ಬರ್ ಮೆತ್ತಗಾಗಿ ರಸ್ತೆಗೆ ಅಂಟಿಕೊಳ್ಳುತ್ತದೆ. ಮಳೆ ಬಂದರೆ ಮಾತ್ರ ಬೋಳು ಟಯರು ನೀರಿನ ಮೇಲೆ ತೇಲುತ್ತದೆ, ಆಗ ಗೆರೆ ಕೊರೆದ ಟಯರು ಹಾಕಲೇಬೇಕು. ಫಾರ್ಮುಲಾ 1ರ ಮಳೆ ಟಯರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 60 ಲೀಟರಿಗೂ ಹೆಚ್ಚು ನೀರನ್ನು ಬದಿಗೆ ತಳ್ಳುತ್ತದೆ. ಒಂದೇ ಸೆಕೆಂಡಿನಲ್ಲಿ ಸುಮಾರು ನಾಲ್ಕು ಕೊಡ ನೀರು!

ಹಿಡಿತ ಹೆಚ್ಚಿಸಲು ಇನ್ನೊಂದು ದಾರಿ ಕಾರನ್ನು ನೆಲಕ್ಕೆ ಒತ್ತುವುದು. ಟ್ರಾಲಿ ಎಳೆಯುವಾಗ ಟ್ರ್ಯಾಕ್ಟರಿನ ಹಿಂಗಾಲಿಗೆ ಕಬ್ಬಿಣದ ತೂಕ ಕಟ್ಟುವುದು ಇದಕ್ಕೇ. ರೇಸ್ ಕಾರಿಗೆ ತೂಕ ಕಟ್ಟಿದರೆ ವೇಗ ಹೋಗುತ್ತದೆ. ಹಾಗಾಗಿ ಆ ಭಾರವನ್ನು ಗಾಳಿಯಿಂದ ಪಡೆಯುತ್ತಾರೆ. ಕಾರಿನ ಮುಂದೆ, ಹಿಂದೆ ಇರುವ ರೆಕ್ಕೆಗಳು ವಿಮಾನದ ರೆಕ್ಕೆಯನ್ನು ಬೋರಲು ಹಾಕಿದಂತಿರುತ್ತವೆ. ವಿಮಾನವನ್ನು ಎತ್ತುವ ಗಾಳಿ ಇಲ್ಲಿ ಕಾರನ್ನು ಅದುಮುತ್ತದೆ. ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ವೇಗದ ತಿರುವಿನಲ್ಲಿ ಅಂಜಿ ನಿಧಾನ ಮಾಡಿದವನಿಗೆ ಗಾಳಿಯ ಒತ್ತಡವೂ ಕಡಿಮೆಯಾಗುತ್ತದೆ. ನಿಧಾನದ ತಿರುವಿನಲ್ಲಿ ರೆಕ್ಕೆ ಹೆಚ್ಚು ನೆರವಿಗೆ ಬರುವುದಿಲ್ಲ, ಅಲ್ಲಿ ಟಯರನ್ನೇ ನಂಬಬೇಕು.

ಚಿಕ್ಕ ಎಂಜಿನ್, ದೊಡ್ಡ ಓಟ

ನಮ್ಮ ಟ್ರ್ಯಾಕ್ಟರಿನ ದೊಡ್ಡ ಡೀಸೆಲ್ ಎಂಜಿನ್ ನಿಮಿಷಕ್ಕೆ 2,000 ಸುತ್ತಿನ ಆಸುಪಾಸಿನಲ್ಲಿ ದುಡಿಯುತ್ತದೆ. ರೇಸಿಗೆ ಬಳಸುವ ರೋಟಾಕ್ಸ್ ಮ್ಯಾಕ್ಸ್ ಕಾರ್ಟಿನ ಎಂಜಿನ್ ಬರೀ 125 ಸಿಸಿ, ಆದರೆ ನಿಮಿಷಕ್ಕೆ 11,000ಕ್ಕೂ ಹೆಚ್ಚು ಸುತ್ತಿ 30 ಎಚ್‌ಪಿಯ ಹತ್ತಿರ ಶಕ್ತಿ ಕೊಡುತ್ತದೆ. ಒಂದೊಂದು ಸುತ್ತಿನ ಬಲ ಕಡಿಮೆ, ಸುತ್ತುಗಳು ಹೆಚ್ಚು. ಈ ಎಂಜಿನ್‌ಗೆ ಸೀಲ್ ಹಾಕಿರುತ್ತಾರೆ. ಬಿಚ್ಚಿ ತಿದ್ದುವಂತಿಲ್ಲವಾದ್ದರಿಂದ ಗೆಲ್ಲಿಸುವುದು ಚಾಲಕನ ಕೈಚಳಕವೇ.

ಇಲ್ಲಿ ಕೊಯಮತ್ತೂರಿನ ಎಸ್. ಕರಿವರ್ಧನ್ ಅವರನ್ನು ನೆನೆಯಬೇಕು. ಹಳ್ಳಿಹಳ್ಳಿಗೂ ಗೊತ್ತಿದ್ದ ಮಾರುತಿ 800ರ ಎಂಜಿನ್ ತೆಗೆದುಕೊಂಡು ಅವರು ಫಾರ್ಮುಲಾ ಮಾರುತಿ ಎಂಬ ತೆರೆದ ಗಾಲಿಯ ಕಾರು ಕಟ್ಟಿದರು. ಅದೇ ಕಾರಿನಲ್ಲಿ ರೇಸ್ ಕಲಿತ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ 1 ರೇಸಿಗಿಳಿದ ಮೊದಲ ಭಾರತೀಯರಾದರು. ಕೊಯಮತ್ತೂರು ಪಂಪು, ಫೌಂಡ್ರಿ, ಲೇತುಗಳ ಊರು. ನಮ್ಮ ಎರಡು ಬದಿಯ ಬೆಳಗಾವಿ, ಕೊಲ್ಹಾಪುರಗಳೂ ಅಂಥವೇ. ಎರಕ ಹೊಯ್ಯುವ, ಲೇತ್ ಹಿಡಿಯುವ ಕೈಗಳು ನಿಪ್ಪಾಣಿ, ಕಾಗವಾಡದ ಮನೆಗಳಲ್ಲೂ ಇವೆ. ರೇಸ್ ಕಾರು ಅಂಥ ಕೈಗಳ ಕೆಲಸವೇ.

ಎಲ್ಲಿಂದ ಶುರು?

ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿದು ಕಾಗಲ್ ದಾಟಿದರೆ ಸುಮಾರು 40 ಕಿ.ಮೀ. ದೂರದಲ್ಲಿ ಕೊಲ್ಹಾಪುರ. ಅಲ್ಲಿಯ ಮೋಹಿತೆ ರೇಸಿಂಗ್ ಅಕಾಡೆಮಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ರೋಟಾಕ್ಸ್ ಮ್ಯಾಕ್ಸ್ ಕಾರ್ಟಿಂಗ್ ಸ್ಪರ್ಧೆಯ ಸುತ್ತುಗಳು ನಡೆದಿವೆ. ಧ್ರುವ ಮೋಹಿತೆ, ಚಿತ್ತೇಶ್ ಮಂಡೋಡಿ, 2018ರಲ್ಲಿ ಬ್ರಿಟಿಷ್ ಫಾರ್ಮುಲಾ 3 ಓಡಿಸಿದ ಕೃಷ್ಣರಾಜ ಮಹಾಡಿಕ್ ಅದೇ ಊರಿನವರು. ನಮ್ಮ ರಾಜ್ಯದ ಕುಶ್ ಮೈನಿ ಬೆಂಗಳೂರಿನವರು. ಅವರೂ ಕಾರ್ಟಿನಿಂದಲೇ ಹೊರಟು 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು.

ಮೊದಲು ಮಗುವನ್ನು ಬಾಡಿಗೆ ಕಾರ್ಟಿನಲ್ಲಿ ಕೂರಿಸಿ ನೋಡಿ. ಆಮೇಲೂ ಆಸೆ ಉಳಿದರೆ ತರಬೇತಿ ಕೊಡಿಸಿ. ಸ್ಪರ್ಧೆಗೆ ಇಳಿಯಲು ದೇಶದ ಮೋಟಾರ್ ಕ್ರೀಡಾ ಕ್ಲಬ್‌ಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಬೇಕು. ಮೇಲಿನ ಮೆಟ್ಟಿಲುಗಳು ಫಾರ್ಮುಲಾ 4, 3, 2, ಕೊನೆಗೆ 1. ಅಳತೆಗೆ ಸರಿಯಾದ ಹೆಲ್ಮೆಟ್, ಕುತ್ತಿಗೆ ಪಟ್ಟಿ, ಪಕ್ಕೆಲುಬು ಕಾಯುವ ಕವಚಕ್ಕೆ ಹಿಂದುಮುಂದು ನೋಡಬೇಡಿ. ರೇಸ್ ಕಾರ್ಟಿಗೆ ಸೀಟ್‌ಬೆಲ್ಟ್ ಇಲ್ಲವೆಂದು ಗಾಬರಿಯಾಗುವುದೂ ಬೇಡ. ಅದಕ್ಕೆ ತಲೆಯ ಮೇಲೆ ಕಮಾನಿಲ್ಲ, ಮಗುಚಿದರೆ ಚಾಲಕ ಅದರಡಿ ಸಿಕ್ಕದೆ ಹೊರಗೆ ಬೀಳಬೇಕು. ಒಂದು ಮಾತು ಮಾತ್ರ ಮಕ್ಕಳಿಗೆ ಬಿಡದೆ ಹೇಳಿ: ವೇಗದ ಆಸೆ ತೀರಿಸಿಕೊಳ್ಳುವ ಜಾಗ ಟ್ರ್ಯಾಕ್, ಹೆದ್ದಾರಿಯಲ್ಲ. ಕಬ್ಬಿನ ಗಾಡಿಗಳು ಕತ್ತಲಲ್ಲಿ ಸಾಲಾಗಿ ಹೋಗುವ ನಮ್ಮ ರಸ್ತೆಗಳಂತೂ ಅಲ್ಲವೇ ಅಲ್ಲ.

ಟ್ರ್ಯಾಕಿಗೆ ಹೋದ ದಿನ ಎಲ್ಲಕ್ಕಿಂತ ಕಡಿದಾದ ತಿರುವಿನ ಬಳಿ, ಬೇಲಿಯ ಹೊರಗೆ ಮಗುವಿನೊಂದಿಗೆ ನಿಲ್ಲಿ. ಕಾರ್ಟ್ ಬಂದಾಗ ಚಾಲಕನನ್ನು ನೋಡಬೇಡಿ, ಒಳಬದಿಯ ಹಿಂಗಾಲಿ ನೋಡಿ. ಅದು ನೆಲ ಬಿಟ್ಟು ಮತ್ತೆ ನೆಲ ಹಿಡಿಯುವುದನ್ನು ಕಂಡ ಮಗು ಮನೆಗೆ ಬಂದು ಟ್ರ್ಯಾಕ್ಟರಿನ ಆ ಪೆಡಲ್ ಯಾವುದೆಂದು ಕೇಳಿದರೆ, ಕಲಿಕೆ ಶುರುವಾಯಿತೆಂದೇ ತಿಳಿಯಿರಿ.