ಕೆನ್ನೆಗೆ ಒರಗುವ ಮರ

ರೈಫಲ್ಲಿನ ಮಾತು ಬಂದರೆ ಎಲ್ಲರೂ ನಳಿಗೆಯನ್ನು ಹೊಗಳುತ್ತಾರೆ. ಹೆಚ್ಚೆಂದರೆ ಅದರ ಮೇಲೆ ಕೂರಿಸಿದ ಸ್ಕೋಪನ್ನು. ಇವೆರಡನ್ನೂ ಹೊತ್ತು, ಹೆಗಲಿಗೆ ಒತ್ತಿ, ಕೆನ್ನೆಗೆ ಒರಗಿಕೊಳ್ಳುವ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಅದು ಬರೀ ಹಿಡಿಕೆ, ಅಂದಕ್ಕೆ ತಕ್ಕಂತೆ ಯಾವುದನ್ನಾದರೂ ಹಾಕಿಸಿದರಾಯಿತು ಎಂದುಕೊಂಡವರು ಬಹಳ. ದೂರದ ಗುರಿಗೆ ಮತ್ತೆ ಮತ್ತೆ ಒಂದೇ ಜಾಗದಲ್ಲಿ ತಾಗಬೇಕಾದ ರೈಫಲ್ಲಿನಲ್ಲಿ ಈ ಲೆಕ್ಕ ತಪ್ಪುತ್ತದೆ.

ಅಮೆರಿಕದ ಮರೀನ್ ಪಡೆಗೆ ಇದನ್ನು ಕಲಿಸಿದ್ದು ವಿಯೆಟ್ನಾಂ. 1966ರಲ್ಲಿ ಅದರ ಸ್ನೈಪರ್‌ಗಳ ಕೈಗೆ ಬಂದ ಎಂ40, ರೆಮಿಂಗ್ಟನ್ 700 ಎಂಬ ಬೇಟೆಯ ರೈಫಲ್ಲಿನ ಮೇಲೆಯೇ ಕಟ್ಟಿದ್ದು. ಸ್ಟಾಕ್ ಅಕ್ರೋಟು ಮರದ್ದು, ನೋಡಲು ಚೆಂದ. ಕಾಡಿನ ಮಳೆ, ಸೆಖೆಗೆ ಸಿಕ್ಕಿದ ಆ ಮರ ಉಬ್ಬಿತು, ಬಾಗಿತು, ಗುರಿ ಕೆಟ್ಟಿತು. ಆಷಾಢದಲ್ಲಿ ಬಿಗಿಯಾಗಿ ಮುಚ್ಚದ ಬಾಗಿಲೊಡನೆ ಗುದ್ದಾಡಿದ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಂಡು ಹಾರುವ ಗಳಿಗೆಯಲ್ಲಿ ನಳಿಗೆ ಅದುರುತ್ತದೆ. ಪ್ರತಿ ಸಲವೂ ಒಂದೇ ರೀತಿ ಅದುರಿದರೆ ತೊಂದರೆಯಿಲ್ಲ. ಉಬ್ಬಿದ ಮರ ಒಂದು ಪಕ್ಕಕ್ಕೆ ತಾಗಿತೋ, ಅದುರುವ ರೀತಿಯೇ ಬದಲಾಗಿ ನಿನ್ನೆ ಸರಿಯಿದ್ದ ಗುರಿ ಇಂದು ಸರಿಯಿರುವುದಿಲ್ಲ. 1970ರ ದಶಕದಲ್ಲಿ ಬಂದ ಎಂ40ಎ1ಗೆ ಮೆಕ್‌ಮಿಲನ್ ಕಂಪನಿಯ ಫೈಬರ್‌ಗ್ಲಾಸ್ ಸ್ಟಾಕ್ ಹಾಕಿದರು. ಅದಕ್ಕೆ ನೀರೂ ಒಂದೇ, ಬಿಸಿಲೂ ಒಂದೇ.

ಇನ್ನೊಂದು ದಾರಿ ತೆರೆದಿದ್ದು ಇಂಗ್ಲೆಂಡಿನಲ್ಲಿ. ಮಾಲ್ಕಂ ಕೂಪರ್ 1984ರ ಲಾಸ್ ಏಂಜಲೀಸ್ ಮತ್ತು 1988ರ ಸೋಲ್ ಒಲಿಂಪಿಕ್ಸ್ ಎರಡರಲ್ಲೂ 50 ಮೀಟರ್ ತ್ರೀ ಪೊಸಿಷನ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದವರು. ಅವರು ಜೊತೆಗಾರರೊಂದಿಗೆ ಕಟ್ಟಿದ ಅಕ್ಯುರಸಿ ಇಂಟರ್‌ನ್ಯಾಷನಲ್ ಕಂಪನಿ ಮರದ ಹಂಗನ್ನೇ ಬಿಟ್ಟು, ಅಲ್ಯೂಮಿನಿಯಮ್ಮಿನ ಬೆನ್ನೆಲುಬು ಮಾಡಿ ಅದರ ಎರಡೂ ಬದಿಗೆ ಪ್ಲಾಸ್ಟಿಕ್ ಕವಚ ಹೊದಿಸಿತು. ಬ್ರಿಟಿಷ್ ಸೇನೆ 1980ರ ದಶಕದಲ್ಲಿ ಅದನ್ನು ಎಲ್96ಎ1 ಎಂದು ಒಪ್ಪಿಕೊಂಡಿತು. ಇಂದು ಅಂಗಡಿಯವರು ಷಾಸಿ ಎಂದು ಮಾರುವುದೆಲ್ಲ ಹೆಚ್ಚುಕಡಿಮೆ ಇದೇ ಜಾತಿಯದು.

ಹಾಗಾದರೆ ಹೊಸ ಸ್ಟಾಕ್ ಆರಿಸುವುದು ಹೇಗೆ? ಬಣ್ಣ, ಆಕಾರ ಕಡೆಗಿರಲಿ. ಮೊದಲು ನಳಿಗೆ, ಬೋಲ್ಟುಗಳನ್ನು ಹಿಡಿದಿಡುವ ರೈಫಲ್ಲಿನ ಉಕ್ಕಿನ ಒಡಲು ಯಾವುದೆಂದು ನೋಡಬೇಕು. ಒಂದು ಮಾದರಿಗೆ ಕೊರೆದ ಗುಳಿಯಲ್ಲಿ ಇನ್ನೊಂದು ಕೂರುವುದಿಲ್ಲ. ರೆಮಿಂಗ್ಟನ್ 700ರಲ್ಲೇ ಗಿಡ್ಡ, ಉದ್ದ ಎಂಬ ಎರಡು ಅಳತೆಗಳಿವೆ. ಫಿನ್ಲೆಂಡಿನ ಟಿಕ್ಕಾ ಟಿ3ಯಲ್ಲಿ ಒದೆತವನ್ನು ತಡೆಯುವ ಲೋಹದ ತುಂಡು ಒಡಲಿನಲ್ಲಿರದೆ ಸ್ಟಾಕಿನಲ್ಲೇ ಇರುತ್ತದೆ. ಬೋಲ್ಟ್ ಬಲಕ್ಕೋ ಎಡಕ್ಕೋ, ಮ್ಯಾಗಜಿನ್ ಯಾವ ಬಗೆಯದು ಎನ್ನುವುದನ್ನೂ ಕೇಳಿಕೊಳ್ಳಬೇಕು. ನಳಿಗೆ ದಪ್ಪವಾಗಿದ್ದರೆ ಅದರ ಕೆಳಗಿನ ಕಾಲುವೆಯೂ ಅಷ್ಟೇ ಅಗಲ ಬೇಕು. ನಳಿಗೆಗೂ ಸ್ಟಾಕಿಗೂ ನಡುವೆ ಒಂದು ಕಾಗದದ ಚೂರು ತೂರಿಸಿ ಹಿಂದಕ್ಕೆ ಎಳೆದು ನೋಡುವುದು ಹಳೆಯ ಪರೀಕ್ಷೆ. ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತಾಗುತ್ತಿದೆ ಎಂದು ಲೆಕ್ಕ.

ನಳಿಗೆ ಎಲ್ಲೂ ತಾಗಬಾರದು, ಒಡಲು ಮಾತ್ರ ಅಲುಗದಂತೆ ಕೂರಬೇಕು. ಅದಕ್ಕೆ ಗುಳಿಯಲ್ಲಿ ಎಪಾಕ್ಸಿ ತುಂಬಿ, ಒಡಲಿನದೇ ಅಚ್ಚು ತೆಗೆಯುತ್ತಾರೆ. ಸ್ಕ್ರೂಗಳ ಸುತ್ತ ಲೋಹದ ಕೊಳವೆ ಇಟ್ಟರೆ ಬಿಗಿದಷ್ಟೂ ಮರ ಕುಗ್ಗುವುದು ತಪ್ಪುತ್ತದೆ. ಎಷ್ಟು ಬಿಗಿಯಬೇಕು ಎಂಬುದಕ್ಕೂ ಅಳತೆಯಿದೆ, ಅದಕ್ಕೆಂದೇ ಟಾರ್ಕ್ ರೆಂಚ್ ಇದೆ. ಕೈಯಂದಾಜು ಇಲ್ಲಿ ನಡೆಯದು. ನನ್ನ ಕೇಳಿದರೆ, ಈ ಕೆಲಸ ಕೆಟ್ಟದಾಗಿರುವ ದುಬಾರಿ ಸ್ಟಾಕಿಗಿಂತ ಚೆನ್ನಾಗಿ ಕೂರಿಸಿದ ಅಗ್ಗದ ಸ್ಟಾಕೇ ಮೇಲು.

ಆಮೇಲೆ ಮೈಯ ಅಳತೆ. ಟ್ರಿಗರ್‌ನಿಂದ ಹಿಂತುದಿಯವರೆಗಿನ ಉದ್ದ ತೋಳಿಗೆ ಒಪ್ಪಬೇಕು. ಈ ತಿಳಿವಳಿಕೆ ಹೊಸದಲ್ಲ. ನಮ್ಮ ಪೊಲೀಸರು ದಶಕಗಳ ಕಾಲ ಹೊತ್ತ ತ್ರೀ-ನಾಟ್-ತ್ರೀ, ಅಂದರೆ ಲೀ-ಎನ್‌ಫೀಲ್ಡಿಗೆ, ಬ್ಯಾಂಟಂ, ಶಾರ್ಟ್, ನಾರ್ಮಲ್, ಲಾಂಗ್ ಎಂದು ನಾಲ್ಕು ಉದ್ದದ ಹಿಂತುದಿಗಳಿದ್ದವು. ಎರಡನೆಯ ಮಹಾಯುದ್ಧದಲ್ಲಿ ಅದೇ ವಂಶದ ರೈಫಲ್ಲಿಗೆ ದುರ್ಬೀನು ಕೂರಿಸಿದಾಗ ಕಣ್ಣು ಅದರ ಎತ್ತರಕ್ಕೆ ಏರಬೇಕಾಯಿತು. ಕೆನ್ನೆಗೆ ಆಸರೆಯಾಗಿ ಮೇಲೊಂದು ಮರದ ದಿಂಬನ್ನು ಸ್ಕ್ರೂ ಹಾಕಿ ಬಿಗಿದರು. ಈಗಿನ ಸ್ಟಾಕುಗಳಲ್ಲಿ ಕೆನ್ನೆಯ ತುಂಡನ್ನು ಮೇಲೆ ಕೆಳಗೆ ಸರಿಸಬಹುದು. ದೊಡ್ಡ ಸ್ಕೋಪ್ ಹಾಕಿಸಿಕೊಂಡವರು ಈ ಒಂದು ಅನುಕೂಲಕ್ಕೆ ಹಣ ಕೊಡಲಿ, ಉಳಿದ ಅಲಂಕಾರಗಳಿಗೆ ಬೇಡ.

ಒಲಿಂಪಿಕ್ಸಿನ ಏರ್ ರೈಫಲ್ಲಿನಲ್ಲಿ ಈ ಹೊಂದಾಣಿಕೆ ಅತಿಗೆ ಹೋಗಿದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಚಿನ್ನ ತಂದ ಆಟ ಅದು. ಹತ್ತು ಮೀಟರ್ ದೂರದಲ್ಲಿರುವ ಹತ್ತು ಅಂಕದ ಚುಕ್ಕೆಯ ಅಡ್ಡಳತೆ ಬರೀ ಅರ್ಧ ಮಿಲಿಮೀಟರ್. ರೈಫಲ್ಲಿನ ತೂಕ 5.5 ಕಿಲೋ ಮೀರುವಂತಿಲ್ಲ. ಹೆಗಲಿಗೆ ತಾಗುವ ತುಂಡು, ಕೆನ್ನೆ, ಹಿಡಿ ಎಲ್ಲವನ್ನೂ ಕೀಲಿಯಿಂದ ತಿರುಗಿಸಿ ಮೈಗೆ ಒಗ್ಗಿಸಿಕೊಳ್ಳುತ್ತಾರೆ.

ಇದಕ್ಕೆ ಪೂರ್ತಿ ಉಲ್ಟಾ ಕೊಡಗಿನ ಕೋವಿ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿಯಿಡುವವರಿಗೆ ಅಲ್ಯೂಮಿನಿಯಂ ಷಾಸಿ ಏಕೆ? ಅಜ್ಜನ ಕಾಲದ ಮರವೇ ಸಾಕು, ಎಣ್ಣೆ ಹಚ್ಚಿ ಒಣಗಿಟ್ಟರೆ ಆಯಿತು. ಬಂದೂಕಿಗೆ ಪರವಾನಗಿಯಿಂದ ವಿನಾಯಿತಿ ಇರುವುದು ಕೊಡವರಿಗೆ, ಅಲ್ಲಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೆ. ಉಳಿದವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅನ್ವಯಿಸುತ್ತದೆ, ದುರಸ್ತಿ ಮಾಡಿಕೊಡುವ ಅಂಗಡಿಗೂ ಪರವಾನಗಿ ಬೇಕು. ಸ್ಟಾಕ್ ಬದಲಿಸಬೇಕೆಂದಿರುವವರು ಅಂಥ ಅಂಗಡಿಗೇ ಹೋಗಲಿ, ಹೋಗುವಾಗ ಖಾಲಿ ಬಂದೂಕನ್ನೂ ಪರವಾನಗಿ ಪುಸ್ತಕವನ್ನೂ ಒಟ್ಟಿಗೇ ಒಯ್ಯಲಿ.