ಸೈಟು ಒಡೆಯುವ ಕಾನೂನು, ಬೇಲಿ ಹಾಕುವ ಊರು

ಬೆಂಗಳೂರು, ಮೈಸೂರಿನವರಿಗೆ ‘ತರ್ಟಿ ಫಾರ್ಟಿ’ ಸೈಟು ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 30 ಅಡಿ ಅಗಲ, 40 ಅಡಿ ಉದ್ದ. ಒಟ್ಟು 1200 ಚದರ ಅಡಿ. ಮಧ್ಯಮ ವರ್ಗದ ಕುಟುಂಬ ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮನೆ ಕಟ್ಟಿಕೊಳ್ಳುವ ಜಾಗವದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಇದೇ 1200 ಚದರ ಅಡಿ, ರಾಜ್ಯ ಸರ್ಕಾರಕ್ಕೂ ನಗರಸಭೆಗಳಿಗೂ ನಡುವಿನ ದೊಡ್ಡ ಜಗಳದ ಭಾಗವಾಗಿದೆ.

ಜಗಳದ ಬೇರು ಶತಮಾನದಷ್ಟು ಹಳೆಯದು. ಒಂದು ನಿವೇಶನದಲ್ಲಿ ಒಂದೇ ಕುಟುಂಬದ ಒಂದೇ ಮನೆ ಇರಬೇಕೆಂಬ ಕಟ್ಟುಪಾಡನ್ನು ಅಮೆರಿಕದಲ್ಲಿ ಮೊದಲು ತಂದ ಊರುಗಳಲ್ಲಿ ಈ ರಾಜ್ಯದ ಬರ್ಕ್ಲಿ ಒಂದು. ಅದು 1916ರ ಮಾತು. ಬಡಾವಣೆಯ ಶಾಂತಿ ಕಾಪಾಡುವುದು ಮೇಲುನೋಟದ ಉದ್ದೇಶ. ಆದರೆ ದೊಡ್ಡ ನಿವೇಶನ ಕೊಳ್ಳಲಾಗದವರು ಮತ್ತು ಬಿಳಿಯರಲ್ಲದವರು ಊರ ಹೊರಗೇ ಉಳಿಯುವಂತೆ ಮಾಡಲು ಅದು ಸುಲಭದ ಸಾಧನವೂ ಆಯಿತು. ನಿಯಮದ ಹಿಂದಿದ್ದ ಈ ಜನಾಂಗೀಯ ಭೇದವನ್ನು ಸ್ವತಃ ಬರ್ಕ್ಲಿ ನಗರಸಭೆಯೇ 2021ರ ಫೆಬ್ರವರಿಯಲ್ಲಿ ಒಪ್ಪಿಕೊಂಡು, ಅದನ್ನು ಕೈಬಿಡುವ ನಿರ್ಣಯ ಕೈಗೊಂಡಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ‘ಎಸ್‌ಬಿ 9’ ಎಂಬ ಮಸೂದೆಗೆ ಸಹಿ ಹಾಕಿದರು. ಸೆನೆಟ್ ಸದಸ್ಯೆ ಟೋನಿ ಆಟ್ಕಿನ್ಸ್ ಮಂಡಿಸಿದ್ದ ಈ ಕಾನೂನು 2022ರ ಜನವರಿ 1ರಂದು ಜಾರಿಗೆ ಬಂತು. ಇದರ ಪ್ರಕಾರ ಒಂಟಿ ಮನೆಗಷ್ಟೇ ಮೀಸಲಾದ ನಿವೇಶನವನ್ನು ಎರಡು ಭಾಗ ಮಾಡಬಹುದು. ಪ್ರತಿ ಭಾಗ ಕನಿಷ್ಠ 1200 ಚದರ ಅಡಿಯೂ ಮೂಲ ನಿವೇಶನದ ಶೇ 40ರಷ್ಟೂ ಇರಬೇಕು. ಒಂದೊಂದು ಭಾಗದಲ್ಲಿ ಎರಡೆರಡು ಮನೆ. ಅಂದರೆ ಒಂದಿದ್ದಲ್ಲಿ ನಾಲ್ಕು. ನಿಯಮಕ್ಕೆ ಹೊಂದುವ ನಕ್ಷೆಗೆ, ನೆರೆಯವರ ಅಹವಾಲಿನ ಸಭೆಯಿಲ್ಲದೆ ನಗರಸಭೆ ಮಂಜೂರಾತಿ ನೀಡಲೇಬೇಕು.

ಷರತ್ತುಗಳೂ ಇವೆ. ಸೈಟು ಒಡೆಯುವವರು ಅಲ್ಲಿಯೇ ಮೂರು ವರ್ಷ ವಾಸಿಸುವ ಉದ್ದೇಶವಿದೆ ಎಂದು ಪ್ರಮಾಣಪತ್ರ ಕೊಡಬೇಕು. ಹಿಂದಿನ ಮೂರು ವರ್ಷಗಳಲ್ಲಿ ಬಾಡಿಗೆದಾರರು ವಾಸವಿದ್ದ ಮನೆಯನ್ನು ಈ ಕಾನೂನಿನಡಿ ಕೆಡವುವಂತಿಲ್ಲ. ಪಕ್ಕ ಮತ್ತು ಹಿಂದುಗಡೆ ನಾಲ್ಕು ಅಡಿಗಿಂತ ಹೆಚ್ಚು ಸೆಟ್‌ಬ್ಯಾಕ್ ಬಿಡಿ ಎಂದು ನಗರಸಭೆ ಒತ್ತಾಯಿಸುವಂತಿಲ್ಲ.

ಆದರೆ ಕಾನೂನು ಹೊರಟಿದ್ದು ರಾಜಧಾನಿ ಸ್ಯಾಕ್ರಮೆಂಟೊದಿಂದ. ಅದು ತಲುಪಬೇಕಾದದ್ದು ಊರೂರಿನ ನಕ್ಷೆ ಮಂಜೂರಾತಿಯ ಕಿಟಕಿಗೆ. ಆ ದಾರಿಯಲ್ಲೇ ಅದರ ನಿಜವಾದ ಪರೀಕ್ಷೆ ನಡೆಯಿತು. ಸಿಲಿಕಾನ್ ಕಣಿವೆಯ ಅಂಚಿನ ಸಿರಿವಂತರ ಊರು ವುಡ್‌ಸೈಡ್, ತನ್ನ ಇಡೀ ಭೂಮಿ ಪೂಮಾ ಎಂಬ ಕಾಡುಬೆಕ್ಕಿನ ನೆಲೆ, ಹಾಗಾಗಿ ಕಾನೂನು ತನಗೆ ಅನ್ವಯಿಸದು ಎಂದುಬಿಟ್ಟಿತು. ಒಂಟಿ ಬಂಗಲೆ ಕಟ್ಟಲು ಅಡ್ಡಿಯಾಗದ ಪ್ರಾಣಿ, ಎರಡನೆಯ ಮನೆ ಎಂದಾಗ ಮಾತ್ರ ಅಡ್ಡಿಯಾಯಿತು! ರಾಜ್ಯದ ಅಟಾರ್ನಿ ಜನರಲ್ ರಾಬ್ ಬಾಂಟಾ ಎಚ್ಚರಿಕೆ ಕೊಟ್ಟ ಮೇಲೆ, 2022ರ ಫೆಬ್ರವರಿಯಲ್ಲಿ ಊರು ಹಿಂದೆ ಸರಿಯಿತು. ಪಾರಂಪರಿಕ ಪ್ರದೇಶಗಳಿಗೆ ಆಗ ಕಾನೂನಿನಲ್ಲಿದ್ದ ವಿನಾಯಿತಿಯನ್ನು ಅತಿಯಾಗಿ ಹಿಗ್ಗಿಸಿದ್ದಕ್ಕೆ ಪ್ಯಾಸಡೀನಾ ನಗರಕ್ಕೂ ಅವರಿಂದ ಪತ್ರ ಹೋಯಿತು.

ಎಲ್ಲ ಊರುಗಳೂ ಇಷ್ಟು ನೇರವಾಗಿ ತಡೆಯಲಿಲ್ಲ. ಕೆಲವು ಕಡೆ, ಕಾನೂನು ಖಾತರಿ ಮಾಡಿದ 800 ಚದರ ಅಡಿಗಿಂತ ದೊಡ್ಡ ಮನೆ ಬೇಡ ಎಂದರು; ಕೆಲವು ಕಡೆ ಎತ್ತರಕ್ಕೆ, ಮರಗಳಿಗೆ, ಅಂಗಳಕ್ಕೆ ನಿಯಮ ಹಚ್ಚಿದರು. ಒಂದೊಂದಾಗಿ ನೋಡಿದರೆ ಎಲ್ಲವೂ ಸಮಂಜಸವೇ. ಒಟ್ಟು ಸೇರಿದರೆ ಲೆಕ್ಕ ಹೊಂದದೆ ಮಾಲೀಕ ಸುಮ್ಮನಾಗುತ್ತಾನೆ. ಇದರ ಜೊತೆಗೆ ಕಟ್ಟಡದ ಖರ್ಚು, ಅಡಮಾನ ಇಟ್ಟ ಬ್ಯಾಂಕಿನ ಒಪ್ಪಿಗೆ, ನಿವೇಶನದ ನಟ್ಟನಡುವೆ ನಿಂತ ಹಳೆಯ ಮನೆ ಎಂಬ ತೊಡಕುಗಳು ಬೇರೆ. ಮೊದಲ ವರ್ಷ ಬಂದ ಅರ್ಜಿಗಳೇ ಬಹಳ ಕಡಿಮೆ ಎಂದು ಬರ್ಕ್ಲಿ ವಿಶ್ವವಿದ್ಯಾಲಯದ ಟರ್ನರ್ ಕೇಂದ್ರ 2023ರಲ್ಲಿ ವರದಿ ಮಾಡಿತು.

2024ರ ಏಪ್ರಿಲ್‌ನಲ್ಲಿ ಮತ್ತೊಂದು ಪೆಟ್ಟು ಬಿತ್ತು. ರೆಡಾಂಡೊ ಬೀಚ್ ಸೇರಿ ಐದು ಸ್ವಾಯತ್ತ ನಗರಗಳು ಹೂಡಿದ್ದ ದಾವೆಯಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯ ಅವುಗಳ ಪರವಾಗಿ ತೀರ್ಪಿತ್ತಿತು. ಅಗ್ಗದ ಮನೆ ಒದಗಿಸುವುದು ಗುರಿ ಎನ್ನುವ ಕಾನೂನು, ಅಗ್ಗದ ಬೆಲೆಯ ಒಂದು ಮನೆಯನ್ನೂ ಕಡ್ಡಾಯ ಮಾಡಿಲ್ಲ ಎಂಬುದು ಆಕ್ಷೇಪದ ತಿರುಳು. ಅದೇ ವರ್ಷ ಶಾಸಕಾಂಗ ಕಾನೂನಿಗೆ ತಿದ್ದುಪಡಿ ತಂದಿತು. 2025ರ ಜನವರಿಯಿಂದ ಅರ್ಜಿಗೆ 60 ದಿನದೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಮಂಜೂರಾದಂತೆಯೇ.

ವಿರೋಧಿಗಳ ಮಾತೆಲ್ಲವೂ ನೆಪವೇನಲ್ಲ. 2025ರ ಜನವರಿಯ ಕಾಳ್ಗಿಚ್ಚು ಪೆಸಿಫಿಕ್ ಪ್ಯಾಲಿಸೇಡ್ಸ್ ಬಡಾವಣೆಯನ್ನು ಸುಟ್ಟಾಗ ಇಕ್ಕಟ್ಟಾದ ರಸ್ತೆಗಳಲ್ಲಿ ಜನ ಕಾರು ಬಿಟ್ಟು ಓಡಿದ್ದರು. ಅಲ್ಲಿ ಮನೆಗಳ ಸಂಖ್ಯೆ ಇನ್ನೂ ಹೆಚ್ಚಬಾರದೆಂಬ ಕೂಗೆದ್ದಾಗ, ಕಾನೂನಿಗೆ ಸಹಿ ಹಾಕಿದ್ದ ನ್ಯೂಸಮ್ ಅವರೇ ಜುಲೈನಲ್ಲಿ ಸುಟ್ಟ ಪ್ರದೇಶಗಳಲ್ಲಿ ಅದನ್ನು ತಡೆಹಿಡಿಯಲು ಸ್ಥಳೀಯ ಆಡಳಿತಗಳಿಗೆ ಅವಕಾಶ ನೀಡಿದರು.

ಊರಿನ ಸ್ವರೂಪ ಉಳಿಯಬೇಕೆಂಬುದು ನೆಲೆ ನಿಂತವರ ಹಂಬಲ. ಆ ಊರಿನ ಶಾಲೆಯಲ್ಲಿ ಪಾಠ ಹೇಳುವವರಿಗೆ, ಆಸ್ಪತ್ರೆಯಲ್ಲಿ ದುಡಿಯುವವರಿಗೆ ಅಲ್ಲೇ ಒಂದು ಸೂರು ಬೇಕೆಂಬುದು ಇನ್ನೊಂದು. ಎರಡರ ನಡುವೆ ತೀರ್ಮಾನಿಸುವುದು ಮಸೂದೆಯ ಘೋಷಣೆಯಲ್ಲ. ನಾಲ್ಕು ಅಡಿಯೋ ಐದು ಅಡಿಯೋ, 60 ದಿನವೋ ಆರು ತಿಂಗಳೋ ಎಂಬಂಥ ಸಣ್ಣ ಅಂಕಿಗಳೇ. ನಕ್ಷೆ ಮಂಜೂರಾತಿಗೆ ಅಲೆದ ಯಾರಿಗೂ ಇದು ಹೊಸ ಸಂಗತಿಯಲ್ಲ.