ಉಡಿಯ ಕೊಬ್ಬರಿ ಮತ್ತು ಏಳು ಕೆಜಿಯ ಕಾನೂನು

ಮದುವೆಯಾಗಿ ಎರಡು ತಿಂಗಳಿಗೆ ನನ್ನ ತಂಗಿ ಜರ್ಮನಿಗೆ ಹೊರಟಳು. ಹೊರಡುವ ದಿನ ಅಥಣಿಯ ಮನೆಯಲ್ಲಿ ಅವ್ವ ಉಡಿ ತುಂಬಿದಳು. ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಬೆಲ್ಲ, ಮತ್ತೆ ಒಂದು ಒಣ ಕೊಬ್ಬರಿ ಬಟ್ಟಲು. "ಇದನ್ನ ದೊಡ್ಡ ಪೆಟಿಗ್ಯಾಗ ಒಗೀಬ್ಯಾಡ, ನಿನ್ನ ಕೈಯಾಗ ಇರ್ಲಿ" ಅಂತ ಹೇಳಿದಳು. ತಂಗಿ ಅದನ್ನು ಜೋಪಾನವಾಗಿ ಹ್ಯಾಂಡ್ ಬ್ಯಾಗಿನಲ್ಲಿಟ್ಟಳು.

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ವಿಮಾನ ನಿಲ್ದಾಣ ಮುಟ್ಟಿದಾಗ ಮೊದಲು ಚೆಕ್-ಇನ್ ಕೌಂಟರಿನಲ್ಲಿ ತಕರಾರು. ಕ್ಯಾಬಿನ್ ಬ್ಯಾಗು 9 ಕೆಜಿ 400 ಗ್ರಾಂ ತೂಗಿತು, ಮಿತಿ 7. ಅಲ್ಲೇ ನೆಲದ ಮೇಲೆ ಬ್ಯಾಗು ಬಿಚ್ಚಿ, ಎರಡು ಸ್ವೆಟರ್ ಮೈಮೇಲೆ ಹಾಕಿಕೊಂಡು, ಶೇಂಗಾ ಹೋಳಿಗಿ ಡಬ್ಬಿ ನನ್ನ ಕೈಗೆ ಕೊಟ್ಟಳು. ಆಮೇಲೆ ಅವಳು ಒಳಗೆ ಹೋದಳು, ನಾನು ಹೊರಗೇ ಉಳಿದೆ. ಅರ್ಧ ಗಂಟೆಗೆ ಫೋನ್: "ಅಣ್ಣಾ, ಕೊಬ್ಬರಿ ತಗದ್ರು. ಯಾಕಂತ ಕೇಳಿದ್ರ 'ನಹೀ ಜಾಯೇಗಾ' ಅಂದ್ರು ಅಷ್ಟ. ಅವ್ವಗ ಹೇಳಬ್ಯಾಡ."

ಕೊಬ್ಬರಿ ತೆಗೆದಿದ್ದು ತಪ್ಪಲ್ಲ. ಆ ನಿಯಮಕ್ಕೆ ಕಾರಣ ಇದೆ. ಆದರೆ ಕಾರಣವನ್ನು ಯಾರೂ ಹೇಳಲಿಲ್ಲ, ಮೊದಲೂ ಹೇಳಿರಲಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಿಂದ ಓದಲು, ದುಡಿಯಲು ಹೊರದೇಶಕ್ಕೆ ಹೋಗುವ ಹುಡುಗ-ಹುಡುಗಿಯರು ಈಗ ಊರೂರಲ್ಲಿ ಇದ್ದಾರೆ. ಅವರಲ್ಲಿ ಬಹುತೇಕರಿಗೆ ಇದು ಮನೆಯ ಮೊದಲ ವಿದೇಶ ಪ್ರಯಾಣ. ಹಾಗಾಗಿ ಈ ನಿಯಮಗಳನ್ನು ಬಿಡಿಸಿ ನೋಡೋಣ. ಯಾವುದು ನಿಜಕ್ಕೂ ಸುರಕ್ಷತೆ, ಯಾವುದು ಬರೀ ವ್ಯಾಪಾರ?

ಮೂರು ಯಜಮಾನರು

ನಿಮ್ಮ ಕೈಚೀಲದ ಮೇಲೆ ಏಕಕಾಲಕ್ಕೆ ಮೂವರ ಅಧಿಕಾರ ಇರುತ್ತದೆ. ತೂಕ, ಅಳತೆ ತೀರ್ಮಾನಿಸುವುದು ವಿಮಾನ ಕಂಪನಿ. ಒಳಗೆ ಏನಿರಬಾರದು ಅನ್ನುವುದು ಭದ್ರತಾ ಸಂಸ್ಥೆ, ನಮ್ಮಲ್ಲಿ ಬಿಸಿಎಎಸ್, ಅಂದರೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಇಳಿದ ಮೇಲೆ ಏನು ಒಳಗೆ ತರಬಹುದು ಅನ್ನುವುದು ಆ ದೇಶದ ಕಸ್ಟಮ್ಸ್. ಒಬ್ಬರು ಬಿಟ್ಟರು ಅಂತ ಇನ್ನೊಬ್ಬರು ಬಿಡಬೇಕಿಲ್ಲ. ಗೊಂದಲ ಹುಟ್ಟುವುದು ಇಲ್ಲೇ. ಕೌಂಟರಿನಲ್ಲಿ ಪಾಸಾದ ಡಬ್ಬಿ ಎಕ್ಸ್-ರೇಯಲ್ಲಿ ಫೇಲ್ ಆಗಬಹುದು, ಅಲ್ಲೂ ಪಾಸಾಗಿದ್ದು ದುಬೈನಲ್ಲಿ ಕೇಸ್ ಆಗಬಹುದು.

ಏಳು ಕೆಜಿ ಎಲ್ಲಿಂದ ಬಂತು?

ಎಂಜಿನಿಯರಿಂಗ್ ಓದಿದವನಾಗಿ ನನಗೆ ಮೊದಲು ಹುಟ್ಟಿದ ಪ್ರಶ್ನೆ ಇದು. ವಿಮಾನಕ್ಕೆ ಭಾರ ಮುಖ್ಯ, ಒಪ್ಪುತ್ತೇನೆ. ಹಾಗಿದ್ದರೆ ಎಲ್ಲ ಕಂಪನಿಗಳ ಮಿತಿಯೂ ಹೆಚ್ಚುಕಮ್ಮಿ ಒಂದೇ ಇರಬೇಕಲ್ಲ? ಎಮಿರೇಟ್ಸ್ ಎಕಾನಮಿಯಲ್ಲಿ 7 ಕೆಜಿ, ಲುಫ್ತಾನ್ಸಾದಲ್ಲಿ 8, ಬ್ರಿಟಿಷ್ ಏರ್‌ವೇಸ್‌ನಲ್ಲಿ 23 ಕೆಜಿ! ಒಂದೇ ಮಾದರಿಯ ವಿಮಾನ, ಒಂದೇ ಆಕಾಶ. ಅಂದಮೇಲೆ ಏಳು ಅನ್ನುವುದು ಭೌತಶಾಸ್ತ್ರದ ಸಂಖ್ಯೆ ಅಲ್ಲ, ಕಂಪನಿಯ ನೀತಿ.

ತಲೆಮೇಲಿನ ಬಿನ್‌ಗಳಲ್ಲಿ ಜಾಗ ಕಡಿಮೆ ಅನ್ನುವುದು ನಿಜ. ಆದರೆ ಆ ನೂಕುನುಗ್ಗಲು ಹೆಚ್ಚಾಗಿದ್ದು ಹೇಗೆ? 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲ ಚೆಕ್-ಇನ್ ಬ್ಯಾಗಿಗೇ 15 ಡಾಲರ್ ವಸೂಲಿ ಶುರು ಮಾಡಿತು, ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಜನ ಸಹಜವಾಗಿ ಸಾಮಾನೆಲ್ಲ ಕೈಚೀಲಕ್ಕೆ ತುಂಬಿದರು. ಬಿನ್ ತುಂಬಿತು. ಈಗ ಕೈಚೀಲಕ್ಕೂ ದರ. ನಮ್ಮಲ್ಲೂ 2021ರ ಫೆಬ್ರವರಿಯಲ್ಲಿ, ಬರೀ ಕ್ಯಾಬಿನ್ ಬ್ಯಾಗಿನೊಂದಿಗೆ ಹೋಗುವವರಿಗೆ ದೇಶದೊಳಗಿನ ವಿಮಾನಗಳಲ್ಲಿ ರಿಯಾಯಿತಿ ಕೊಡಲು ಡಿಜಿಸಿಎ ಅನುಮತಿ ನೀಡಿತು. ರಿಯಾಯಿತಿ ಅಂತ ಕರೆದರೂ, ಸಾಮಾನು ಇರುವವನಿಗೆ ಅದು ಹೆಚ್ಚುವರಿ ದರವೇ.

ಇದನ್ನು ಪ್ರಶ್ನಿಸಿದವರೂ ಇದ್ದಾರೆ. 2014ರ ಸೆಪ್ಟೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ, ಕೈಚೀಲ ಪ್ರಯಾಣದ ಅಗತ್ಯ ಭಾಗ, ತೂಕ-ಅಳತೆ ಸಮಂಜಸವಾಗಿದ್ದರೆ ಅದಕ್ಕೆ ಬೇರೆ ಶುಲ್ಕ ಹಾಕುವಂತಿಲ್ಲ ಎಂದಿತು. 2024ರ ನವೆಂಬರ್‌ನಲ್ಲಿ ಸ್ಪೇನ್ ಸರ್ಕಾರ ಕೈಚೀಲದ ಶುಲ್ಕವೂ ಸೇರಿದಂತೆ ಹಲವು ಕಾರಣಗಳಿಗೆ ರಯಾನ್‌ಏರ್ ಸೇರಿ ಐದು ಅಗ್ಗದ ದರದ ಕಂಪನಿಗಳಿಗೆ ಒಟ್ಟು 17.9 ಕೋಟಿ ಯೂರೋ ದಂಡ ವಿಧಿಸಿತು. ಅಂದರೆ ಬ್ಯಾಗಿನ ತೂಕ ರಾಜಕೀಯ ಪ್ರಶ್ನೆಯೂ ಹೌದು.

ನೂರು ಮಿಲಿಲೀಟರ್‌ನ ಕತೆ

2006ರ ಆಗಸ್ಟ್ 10ರಂದು ಬ್ರಿಟನ್ ಪೊಲೀಸರು ಒಂದು ಸಂಚು ಬಯಲು ಮಾಡಿದರು. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ಒಯ್ದು ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಯೋಜನೆ ಅದು. ಆಗಿನ ಎಕ್ಸ್-ರೇ ಯಂತ್ರಕ್ಕೆ ನೀರು ಯಾವುದು, ಸ್ಫೋಟಕ ಯಾವುದು ಗೊತ್ತಾಗುತ್ತಿರಲಿಲ್ಲ. ಅದೇ ವರ್ಷ 100 ಮಿಲಿ ನಿಯಮ ಬಂತು: ದ್ರವ, ಜೆಲ್, ಸ್ಪ್ರೇ ಯಾವುದೇ ಇರಲಿ ಒಂದೊಂದು ಡಬ್ಬಿ 100 ಮಿಲಿ ಮೀರಬಾರದು, ಎಲ್ಲ ಸೇರಿ ಒಂದು ಲೀಟರ್‌ನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು.

ಎರಡು ವಿಷಯ ನೆನಪಿಡಿ. ಒಂದು, ಲೆಕ್ಕ ಡಬ್ಬಿಯ ಗಾತ್ರದ್ದು. 200 ಮಿಲಿ ಬಾಟಲಿಯಲ್ಲಿ ತಳಕ್ಕೆ ಸ್ವಲ್ಪ ಎಣ್ಣೆ ಇದ್ದರೂ ಅದು 200 ಮಿಲಿ ಬಾಟಲಿಯೇ. ಎರಡು, 'ದ್ರವ' ಅಂದರೆ ನೀರಷ್ಟೇ ಅಲ್ಲ. ಸುರಿಯಬಹುದಾದದ್ದು, ಸವರಬಹುದಾದದ್ದು ಎಲ್ಲ ಅದರಲ್ಲೇ. ಮೊಸರು, ತುಪ್ಪ, ರಂಜಕ, ಜೋನಿ ಬೆಲ್ಲ, ಎಣ್ಣೆ ತೇಲುವ ಉಪ್ಪಿನಕಾಯಿ ಎಲ್ಲವೂ ದೊಡ್ಡ ಪೆಟ್ಟಿಗೆಗೆ. ಮೆಣಸಿನಕಾಯಿ ಉಪ್ಪಿನಕಾಯಿಯನ್ನಂತೂ ನಮ್ಮ ನಿಲ್ದಾಣಗಳಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಹೋಳಿಗಿ ನಿಶ್ಚಿಂತೆಯಿಂದ ಒಯ್ಯಿರಿ. ಶೇಂಗಾ ಹಿಂಡಿ, ಖಾರಪುಡಿ ಅಮೆರಿಕಕ್ಕಾದರೆ ಎಚ್ಚರ: ಸುಮಾರು 350 ಮಿಲಿ ಗಾತ್ರಕ್ಕಿಂತ ಹೆಚ್ಚಿನ ಪುಡಿಗೆ 2018ರಿಂದ ಪ್ರತ್ಯೇಕ ತಪಾಸಣೆ ಇದೆ. ಔಷಧಿ, ಮಗುವಿನ ಹಾಲಿಗೆ 100 ಮಿಲಿ ಮಿತಿಯಿಂದ ವಿನಾಯಿತಿ ಉಂಟು, ವೈದ್ಯರ ಚೀಟಿ ಜೊತೆಗಿರಲಿ.

ಹೊಸ ಸಿಟಿ ಸ್ಕ್ಯಾನರ್‌ಗಳು ದ್ರವವನ್ನು ಗುರುತಿಸಬಲ್ಲವು, ಹಾಗಾಗಿ ಕೆಲವು ದೇಶಗಳ ಕೆಲವು ನಿಲ್ದಾಣಗಳಲ್ಲಿ ಈ ಮಿತಿ ಸಡಿಲವಾಗುತ್ತಿದೆ. ಆದರೆ 2024ರಲ್ಲಿ ಸಡಿಲಿಸಿದ ನಿಲ್ದಾಣಗಳೇ ಮತ್ತೆ ಹಳೇ ನಿಯಮಕ್ಕೆ ಮರಳಿದ್ದೂ ಉಂಟು. ಹೋಗುವಾಗ ಬಿಟ್ಟರು ಅಂತ ಬರುವಾಗ ಬಿಡುತ್ತಾರೆ ಎಂದು ನಂಬಬೇಡಿ.

ಕೊಬ್ಬರಿ ಬೆಂಕಿ ಹೇಗೆ?

ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಬೆರೆತು ನಿಧಾನಕ್ಕೆ ಬಿಸಿ ಹುಟ್ಟಿಸುತ್ತದೆ. ರಾಶಿ ಹಾಕಿ ಬಿಸಿ ಹೊರಹೋಗದಂತೆ ಮುಚ್ಚಿಟ್ಟರೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹಡಗುಗಳಲ್ಲಿ ಟನ್‌ಗಟ್ಟಲೆ ಸಾಗಿಸುವವರಿಗೆ ಇದು ಹಳೆಯ ತಲೆನೋವು. ವಿಶ್ವಸಂಸ್ಥೆಯ ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಕೊಬ್ಬರಿಯ ಸಂಖ್ಯೆ 1363, ವರ್ಗ 4.2, ತಾನಾಗಿ ಉರಿಯಬಲ್ಲ ವಸ್ತು. ಹಾಗಾಗಿ ಅದು ಕೈಚೀಲದಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ. ಉಡಿಯ ಒಂದು ಬಟ್ಟಲು ವಿಮಾನ ಸುಡುತ್ತದಾ? ಖಂಡಿತ ಇಲ್ಲ. ಆದರೆ ಟನ್ನು ಲೆಕ್ಕದ ಪಟ್ಟಿಗೆ ಬಟ್ಟಲಿನ ಲೆಕ್ಕ ಗೊತ್ತಿಲ್ಲ.

ನಿಜವಾಗಿ ಭಯಪಡಬೇಕಾದ್ದು ಪವರ್ ಬ್ಯಾಂಕಿಗೆ. ಅದು ಕಡ್ಡಾಯವಾಗಿ ಕೈಚೀಲದಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ ಹೊತ್ತಿದರೆ ಕ್ಯಾಬಿನ್ನಿನಲ್ಲಿ ಜನ ನೋಡಿ ಆರಿಸಬಹುದು, ಕೆಳಗಿನ ಕಾರ್ಗೋದಲ್ಲಿ ಯಾರೂ ಇರುವುದಿಲ್ಲ. ಲೆಕ್ಕ ಸುಲಭ: ಎಂಎಎಚ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್. 100ರ ಒಳಗಿದ್ದರೆ ಸಾಮಾನ್ಯವಾಗಿ ಅನುಮತಿ ಬೇಡ. 100ರಿಂದ 160 ಇದ್ದರೆ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲಿದ್ದರೆ ಒಯ್ಯುವಂತಿಲ್ಲ. ಕೆಲವು ಕಂಪನಿಗಳು ಇನ್ನೂ ಬಿಗಿ ಮಾಡಿವೆ: ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಎಂದಿದೆ, ಹಾರಾಟದಲ್ಲಿ ಅದನ್ನು ಬಳಸುವಂತಿಲ್ಲ. ಗೇಟಿನಲ್ಲಿ "ಬಿನ್ ತುಂಬಿದೆ, ಬ್ಯಾಗು ಕೆಳಗೆ ಹಾಕ್ತೀವಿ" ಅಂದರೆ ಮೊದಲು ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಮಾತ್ರೆ, ಬಂಗಾರ ತೆಗೆದು ಕೈಯಲ್ಲಿ ಹಿಡಿಯಿರಿ.

ಕುಂದಾ, ಗಸಗಸೆ ಮತ್ತು ಜೈಲು

ಬೆಳಗಾವಿ ಕುಂದಾ ಇಲ್ಲದೆ ನಮ್ಮ ಕಡೆಯವರು ಯಾರ ಮನೆಗೂ ಹೋಗುವುದಿಲ್ಲ. ಆದರೆ ಯುರೋಪಿಯನ್ ಒಕ್ಕೂಟ ಹೊರಗಿನಿಂದ ಬರುವವರ ಸಾಮಾನಿನಲ್ಲಿ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ನಿಷೇಧಿಸಿದೆ. ಕಾರಣ ಪ್ರಾಣಿ ರೋಗಗಳ ಭಯ. ಕುಂದಾ, ಪೇಡೆ, ತುಪ್ಪ ಎಲ್ಲ ಆ ಲೆಕ್ಕಕ್ಕೆ ಬರುತ್ತವೆ. 2019ರ ಡಿಸೆಂಬರ್‌ನಿಂದ ಹಸಿ ಕರಿಬೇವು, ತರಕಾರಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸಿಕ್ಕಿಬಿದ್ದರೆ ಕಸದ ಬುಟ್ಟಿ, ಕೆಲವೊಮ್ಮೆ ದಂಡ.

ಕೊಲ್ಲಿಯಲ್ಲಿ ವಿಷಯ ಇನ್ನೂ ಗಂಭೀರ. ನಮ್ಮ ಉಂಡಿ, ಮಸಾಲಿಗೆ ಬೀಳುವ ಗಸಗಸೆ ಯುಎಇ, ಸೌದಿ ಅರೇಬಿಯಾಗಳಲ್ಲಿ ಮಾದಕ ವಸ್ತುವಿನ ಕಾನೂನಿನಡಿ ನಿಷಿದ್ಧ. ಇಲ್ಲಿನ ಕಿರಾಣಿ ಅಂಗಡಿಯ ಪೊಟ್ಟಣ ಅಲ್ಲಿ ಜೈಲಿಗೆ ದಾರಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಮಾತ್ರೆಗೆ ಮುಂಚಿತ ಅನುಮತಿ ಬೇಕು. ಸಿಂಗಾಪುರದಲ್ಲಿ ಜಗಿಯುವ ತಂಬಾಕು ತರುವುದೇ ಅಪರಾಧ. ನಿಪ್ಪಾಣಿಯಂಥ ತಂಬಾಕಿನ ಊರಿನವರು ಕಿಸೆಯಲ್ಲಿ ಮರೆತ ಪುಡಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ಇನ್ನೊಂದು ಮಾತು: ಪಕ್ಕದ ಮನೆಯವರು "ನಮ್ಮ ಹುಡುಗಗ ಒಂದ್ ಡಬ್ಬಿ ಒಯ್ಯೋ ತಮ್ಮಾ" ಅಂದರೆ, ನಾಚಿಕೆ ಬಿಟ್ಟು ಅವರೆದುರೇ ಡಬ್ಬಿ ತೆರೆದು ನೋಡಿ. ನಿಮ್ಮ ಬ್ಯಾಗಿನಲ್ಲಿ ಇದ್ದದ್ದಕ್ಕೆ ನೀವೇ ಹೊಣೆ.

ಒಂದು ಒಳ್ಳೆಯ ಸುದ್ದಿಯೂ ಇದೆ. ಅಥಣಿ, ನಿಪ್ಪಾಣಿ ಕಡೆ ಹೊಲಿಯುವ ಅಸಲಿ ಕೊಲ್ಹಾಪುರಿ ಚಪ್ಪಲಿಗೆ ಮೊಳೆ ಇರುವುದಿಲ್ಲ, ಚರ್ಮದ ದಾರದ ಹೊಲಿಗೆ ಮಾತ್ರ. ಮೆಟಲ್ ಡಿಟೆಕ್ಟರ್ ಸುಮ್ಮನಿರುತ್ತದೆ. 2025ರಲ್ಲಿ ಹೇಳದೆ ಕೇಳದೆ ಮಿಲಾನ್‌ನ ಪ್ರಾಡಾ ರ‍್ಯಾಂಪ್ ಹತ್ತಿದ ವಿನ್ಯಾಸ ಇದೇ. ಆದರೆ ಆ ಚಪ್ಪಲಿ ಮಾಡುವ ಕುಶಲಕರ್ಮಿ ವಿದೇಶದ ಪ್ರದರ್ಶನಕ್ಕೆ ಹೊರಟರೆ ಉಳಿ, ರಂಪಿಗಿ ಪೆಟ್ಟಿಗೆಗೇ ಹೋಗಬೇಕು.

ನಮಗೇ ಯಾಕೆ ಹೆಚ್ಚು ಪೆಟ್ಟು?

ನಿಯಮ ಎಲ್ಲರಿಗೂ ಒಂದೇ, ಪೆಟ್ಟು ಒಂದೇ ಅಲ್ಲ. ಬೆಂಗಳೂರಿನವರ ಬ್ಯಾಗು ಭಾರವಾದರೆ ಹೊರಗೆ ನಿಂತ ಮನೆಯವರ ಕೈಗೆ ಕೊಡುತ್ತಾರೆ. ಕಾಗವಾಡದಿಂದ ಒಬ್ಬನೇ ರಾತ್ರಿ ಬಸ್ಸು ಹತ್ತಿ ಬಂದ ಹುಡುಗ ಯಾರ ಕೈಗೆ ಕೊಡಬೇಕು? ದುಡ್ಡು ಕಟ್ಟಬೇಕು, ಇಲ್ಲ ಎಸೆಯಬೇಕು. ಈ ಐದೂ ತಾಲೂಕುಗಳಿಗೆ ಹತ್ತಿರದ ಸಾಂಬ್ರಾ ಮತ್ತು ಕೊಲ್ಹಾಪುರ ನಿಲ್ದಾಣಗಳಿಂದ ವಿದೇಶಕ್ಕೆ ನೇರ ವಿಮಾನವಿಲ್ಲ. ಮುಂಬೈ, ಗೋವಾ, ಬೆಂಗಳೂರು ಮುಟ್ಟಲೇಬೇಕು.

ಸಾಂಬ್ರಾದಿಂದ ಹಾರಿದರೂ ತೊಡಕು ತಪ್ಪದು. ಎರಡು ಬೇರೆ ಬೇರೆ ಟಿಕೆಟ್ ತೆಗೆಸಿದ್ದರೆ ಮೊದಲ ಹಾರಾಟಕ್ಕೆ ದೇಶೀಯ ಮಿತಿ, ಸಾಮಾನ್ಯವಾಗಿ 15 ಕೆಜಿ. ವಿದೇಶದ ಟಿಕೆಟ್‌ನಲ್ಲಿ 30 ಕೆಜಿ ಅಂತ ಬರೆದಿದ್ದರೂ ಇಲ್ಲಿ ಹೆಚ್ಚುವರಿ ತೂಕಕ್ಕೆ ದುಡ್ಡು ಕಟ್ಟಬೇಕು. ಒಂದೇ ಪಿಎನ್‌ಆರ್‌ನಲ್ಲಿ ಪೂರ್ತಿ ಪ್ರಯಾಣ ಬುಕ್ ಮಾಡಿದರೆ ಸಾಮಾನ್ಯವಾಗಿ ಅಂತರರಾಷ್ಟ್ರೀಯ ಮಿತಿಯೇ ಸಿಗುತ್ತದೆ. ಟಿಕೆಟ್ ಮೇಲೆ ಅದನ್ನು ಬರೆಸಿಕೊಳ್ಳಿ. ಸಾಂಬ್ರಾದಲ್ಲಿ ಬಿಟ್ಟ ನೀರಿನ ಬಾಟಲಿಯನ್ನು ಬೆಂಗಳೂರಿನ ಅಂತರರಾಷ್ಟ್ರೀಯ ತಪಾಸಣೆಯಲ್ಲಿ ಬಿಡುವುದಿಲ್ಲ, ಅದೂ ಗೊತ್ತಿರಲಿ.

ಹಕ್ಕುಗಳೂ ಇವೆ, ಹೇಳುವವರಿಲ್ಲ ಅಷ್ಟೇ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಹಾರಾಟದಲ್ಲಿ ಚೆಕ್-ಇನ್ ಸಾಮಾನು ಕಳೆದರೆ, ಹಾಳಾದರೆ ಕಂಪನಿ ಹೊಣೆ. ಮಿತಿ ಈಗ 1,519 ಎಸ್‌ಡಿಆರ್, ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ರೂಪಾಯಿಗಿಂತ ಹೆಚ್ಚು. ಕೈಚೀಲ ನಿಮ್ಮ ಬಳಿಯೇ ಇದ್ದಾಗ ಮಾತ್ರ ಕಂಪನಿಯ ತಪ್ಪನ್ನು ನೀವು ತೋರಿಸಬೇಕು. ಹಾಗಾಗಿ ಗೇಟಿನಲ್ಲಿ ಬ್ಯಾಗು ಕಸಿದುಕೊಂಡರೆ ಟ್ಯಾಗ್ ಚೀಟಿ ಬಿಡದೆ ಪಡೆಯಿರಿ. ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಸಿಕ್ಕರೆ ಸಿಕ್ಕ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು.

ಕೇಳಬೇಕಾದ್ದು ಇಷ್ಟೇ

ಸುರಕ್ಷತೆಯ ನಿಯಮ ಸಡಿಲಿಸಿ ಅಂತ ನಾನು ಕೇಳುತ್ತಿಲ್ಲ. ಕೇಳುತ್ತಿರುವುದು ಮೂರು. ಟಿಕೆಟ್ ಕೊಳ್ಳುವ ಪುಟದಲ್ಲೇ ಕೈಚೀಲದ ತೂಕ, ಅಳತೆ, ಮೀರಿದರೆ ಎಷ್ಟು ದುಡ್ಡು ಅನ್ನುವುದನ್ನು ಕಂಪನಿಗಳು ದೊಡ್ಡದಾಗಿ ಹಾಕಲಿ. ನಿಷೇಧಿತ ವಸ್ತುಗಳ ಪಟ್ಟಿ ಕನ್ನಡದಲ್ಲಿ, ಗಡಿ ಭಾಗದ ನಮಗೆ ಮರಾಠಿಯಲ್ಲೂ, ಬಸ್ ಸ್ಟ್ಯಾಂಡಿನಿಂದ ಹಿಡಿದು ಪಾಸ್‌ಪೋರ್ಟ್ ಕೇಂದ್ರದವರೆಗೆ ಇರಲಿ. ತೆಗೆದ ವಸ್ತುವನ್ನು ಎಸೆಯುವ ಬದಲು ಪ್ರಯಾಣಿಕರ ಮನೆ ವಿಳಾಸಕ್ಕೆ ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಎಲ್ಲ ಅಂತರರಾಷ್ಟ್ರೀಯ ನಿಲ್ದಾಣಗಳಲ್ಲಿ ಬರಲಿ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಪ್ರಯಾಣಿಕರನ್ನು ಮನುಷ್ಯರೆಂದು ನೋಡಿದರೆ ಸಾಕು.

ಅವ್ವನಿಗೆ ಕೊನೆಗೂ ವಿಷಯ ಹೇಳಿದೆ. ಕೊಬ್ಬರಿ ತಾನಾಗಿ ಬಿಸಿಯಾಗುವ ಕತೆಯನ್ನೂ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂತ ಮೊದಲ ಹೇಳಿದ್ರ ಇನ್ನೆರಡು ಉತ್ತತ್ತಿ ಹಾಕ್ತಿದ್ನಲ್ಲೋ" ಅಂದಳು.